ಮೈಗಳ್ಳತನ ಅಂತ ಹೆಸರಿಟ್ಟ ಕಾಯಿಲೆಯ ಚರಿತ್ರೆ

ಸ್ವಲ್ಪ ಉದ್ದದ ಪೋಸ್ಟು. ಪುರುಸೊತ್ತು ಮಾಡ್ಕೊಂಡು ಓದಿ.

2006ರ ಚಿಕೂನ್‌ಗುನ್ಯಾವನ್ನು ನಮ್ಮ ಚಿತ್ರದುರ್ಗದ ಕಡೆಯವರು ಯಾರೂ ಮರೆತಿರಲ್ಲ. ಆ ವರ್ಷ ದೇಶದಲ್ಲಿ ದಾಖಲಾದ ಶಂಕಿತ ಪ್ರಕರಣಗಳು ಸುಮಾರು 13.9 ಲಕ್ಷ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು, ಏಳೂವರೆ ಲಕ್ಷ, ಕರ್ನಾಟಕದ್ದೇ. ಅವ್ವನಿಗೆ ಜ್ವರ ಐದು ದಿನಕ್ಕೆ ಬಿಡ್ತು, ನೋವು ಸುಸ್ತು ಬಿಡಲಿಲ್ಲ. ಒಂದು ದಿನ ಶೇಂಗಾ ಹೊಲದಲ್ಲಿ ಕಳೆ ತೆಗೆದರೆ ಎರಡು ದಿನ ಏಳೋಕೆ ಆಗ್ತಿರಲಿಲ್ಲ. ಹೊಲದ ಯಜಮಾನ ಮನೆ ಮುಂದೆ ನಿಂತು ಕೂಗಿದ್ದು ಇನ್ನೂ ಕಿವೀಲಿದೆ: "ಏನೇ, ಜ್ವರ ಹೋಗಿ ತಿಂಗಳಾಯ್ತು, ಇನ್ನೂ ಮೈಗಳ್ಳತನನಾ?"

ಹದಿನೈದು ವರ್ಷ ಆದಮೇಲೆ, 2021ರಲ್ಲಿ, ಕೋವಿಡ್ ಮುಗಿಸಿ ನಾನು ಕಚೇರಿಗೆ ಹೋದೆ. ರೆಕಾರ್ಡ್ ರೂಮಿನ ಮೆಟ್ಟಿಲು ಹತ್ತಿ ಫೈಲು ತಂದ ಮಾರನೇ ದಿನ ಹಾಸಿಗೆ ಬಿಟ್ಟು ಏಳೋಕಾಗ್ತಿರಲಿಲ್ಲ. ಆಗಿದ್ದ ಮೇಲಧಿಕಾರಿ ನಗ್ತಾ ಅಂದ್ರು, "ನಿಮ್ಮವರಿಗೆ ಸೀಟು ಸಿಕ್ಕಮೇಲೆ ಕೆಲಸ ಯಾಕೆ ಬೇಕು ಹೇಳಿ." ಅದೇ ಮಾತು, ಸ್ವಲ್ಪ ಪಾಲಿಶ್ ಆಗಿತ್ತು ಅಷ್ಟೆ.

ನಾನು ಡಾಕ್ಟರಲ್ಲ, ಬಿ.ಎ. ಓದಿದ ಗುಮಾಸ್ತ. ಅವ್ವನಿಗೆ ಇದ್ದದ್ದು ಇದೇ ಕಾಯಿಲೆ ಅಂತ ನಾನು ಹೇಳಲ್ಲ. ಆದರೆ ರಜೆ ಹಾಕಿ ಮಲಗಿದ್ದ ತಿಂಗಳುಗಳಲ್ಲಿ ವೈರಸ್ ಜ್ವರದ ನಂತರದ ಸುಸ್ತಿನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಇಂಗ್ಲೆಂಡ್, ಅಮೆರಿಕದ ಕತೆ ಅದು. ಓದ್ತಾ ಹೋದಂಗೆ ಪರಿಚಯದವರ ಕತೆ ಅನ್ನಿಸ್ತು.

1934ರಲ್ಲಿ ಲಾಸ್ ಏಂಜಲೀಸ್‌ನ ಸರ್ಕಾರಿ ಆಸ್ಪತ್ರೆಯಲ್ಲಿ 198 ಸಿಬ್ಬಂದಿ ಕಾಯಿಲೆ ಬಿದ್ದರು. ಪೋಲಿಯೋ ಥರ ಇದೆ, ಆದರೆ ಪೋಲಿಯೋ ಅಲ್ಲ ಅಂದರು ವೈದ್ಯರು. 1948ರಲ್ಲಿ ಐಸ್‌ಲ್ಯಾಂಡಿನ ಅಕುರೇರಿ ಪಟ್ಟಣದಲ್ಲಿ ಅಂಥದ್ದೇ ಆಯ್ತು. 1955ರ ಜುಲೈನಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯ ಸರದಿ. ಅಲ್ಲಿ 292 ಸಿಬ್ಬಂದಿಗೆ ಕಾಯಿಲೆ, ಹೆಚ್ಚಿನವರು ಹೆಣ್ಣುಮಕ್ಕಳು. ಆಸ್ಪತ್ರೆಯನ್ನು ಅಕ್ಟೋಬರ್‌ವರೆಗೆ ಮುಚ್ಚಬೇಕಾಯ್ತು. ಅಲ್ಲಿದ್ದ ಡಾ. ಮೆಲ್ವಿನ್ ರಾಮ್ಸೆ ಈ ರೋಗಿಗಳ ಮಾತನ್ನು ನಂಬಿ ಜೀವನಪೂರ್ತಿ ಅವರ ಪರ ಬರೆದರು. ಮರುವರ್ಷ 'ಲ್ಯಾನ್ಸೆಟ್' ಪತ್ರಿಕೆ ಈ ಕಾಯಿಲೆಗೆ 'ಮಯಾಲ್ಜಿಕ್ ಎನ್‌ಸೆಫಲೋಮೈಲೈಟಿಸ್' ಅನ್ನೋ ಹೆಸರು ಮುಂದಿಟ್ಟಿತು. ಚಿಕ್ಕದಾಗಿ ಎಂ.ಇ.

1970ರಲ್ಲಿ ಮೆಕ್‌ಇವೆಡಿ, ಬಿಯರ್ಡ್ ಅನ್ನೋ ಇಬ್ಬರು ಮನೋವೈದ್ಯರು ರಾಯಲ್ ಫ್ರೀ ಆಸ್ಪತ್ರೆಯ ಹಳೇ ದಾಖಲೆ ತಿರುವಿ ಹಾಕಿ, ಇದು ಸಾಮೂಹಿಕ ಹಿಸ್ಟೀರಿಯಾ ಅಂತ ಬರೆದರು. ಒಬ್ಬ ರೋಗಿಯನ್ನೂ ಅವರು ಪರೀಕ್ಷೆ ಮಾಡಿರಲಿಲ್ಲ. ಕೊಟ್ಟ ಕಾರಣಗಳಲ್ಲಿ ಒಂದು, ಕಾಯಿಲೆ ಬಿದ್ದವರಲ್ಲಿ ಹೆಂಗಸರೇ ಹೆಚ್ಚು ಅನ್ನೋದು! ಫೈಲು ನೋಡಿ ಮನುಷ್ಯರ ಬಗ್ಗೆ ಷರಾ ಬರೆಯೋದು ನಮ್ಮ ಕಚೇರಿಗಳಲ್ಲಿ ಮಾತ್ರ ಅಂದ್ಕೊಂಡಿದ್ದೆ. ಆ ಷರಾ ದಶಕಗಟ್ಟಲೆ ಉಳೀತು.

1984ರ ಸುಮಾರಿಗೆ ಅಮೆರಿಕದ ನೆವಾಡಾದಲ್ಲಿ ಇಂಕ್ಲೈನ್ ವಿಲೇಜ್ ಅನ್ನೋ ಊರಲ್ಲಿ ಮತ್ತೆ ಕಾಣಿಸಿಕೊಂಡಿತು. ಅಲ್ಲಿನ ರೋಗ ನಿಯಂತ್ರಣ ಕೇಂದ್ರ, ಅಂದ್ರೆ ಸಿಡಿಸಿ, ತನಿಖೆಗೆ ಬಂತು. 1988ರಲ್ಲಿ 'ಕ್ರಾನಿಕ್ ಫೆಟೀಗ್ ಸಿಂಡ್ರೋಮ್' ಅಂತ ಹೊಸ ಹೆಸರು. ದೀರ್ಘಕಾಲದ ಸುಸ್ತು ಅಂತ! ನಂಗೂ ಸುಸ್ತಾಗುತ್ತಪ್ಪಾ ಅಂತ ಯಾರು ಬೇಕಾದ್ರೂ ನಗೋ ಹೆಸರು. ಪತ್ರಿಕೆಗಳು ಇದನ್ನ 'ಯಪ್ಪಿ ಫ್ಲೂ' ಅಂದವು, ದುಡ್ಡಿರೋ ನಗರದ ಯುವಕರ ಸೋಗಿನ ಕಾಯಿಲೆ ಅಂತ. ಇದರ ಸಂಶೋಧನೆಗೆ ಬಂದ ದುಡ್ಡಿಗೂ ಕೈ ಹಾಕಿದ್ರು. 1999ರಲ್ಲಿ ಸರ್ಕಾರಿ ತಪಾಸಣೆ ನಡೆದಾಗ, 1995ರಿಂದ 98ರೊಳಗೆ ಸಿಡಿಸಿಯಲ್ಲಿ ಈ ಲೆಕ್ಕಕ್ಕೆ ಹಾಕಿದ್ದ 2.27 ಕೋಟಿ ಡಾಲರಿನಲ್ಲಿ 88 ಲಕ್ಷ ಬೇರೆ ಕೆಲಸಕ್ಕೆ ಹೋಗಿತ್ತು, 41 ಲಕ್ಷಕ್ಕೆ ಸರಿಯಾದ ದಾಖಲೆ ಇರಲಿಲ್ಲ. ನಮ್ಮ ಎಸ್‌ಸಿಪಿ-ಟಿಎಸ್‌ಪಿ ಹಣದ ಜಾಡು ಹಿಡಿದವರಿಗೆ ಇದು ಹೊಸ ಸುದ್ದಿ ಅನ್ನಿಸಲಿಕ್ಕಿಲ್ಲ.

ಇದು ನಿಜವಾಗಿ ಶ್ರೀಮಂತರ ಕಾಯಿಲೇನಾ? ಲಿಯೊನಾರ್ಡ್ ಜೇಸನ್ ಅನ್ನೋ ಪ್ರೊಫೆಸರ್‌ಗೆ ಈ ಪ್ರಶ್ನೆ ಬಂತು. ಅವರಿಗೂ ಇದೇ ಕಾಯಿಲೆ ಬಂದಿತ್ತು. ಅವರು ಆಸ್ಪತ್ರೆಗೆ ಬಂದವರನ್ನ ಎಣಿಸಲಿಲ್ಲ. ಅವರ ತಂಡ ಷಿಕಾಗೋ ನಗರದಲ್ಲಿ ಯಾದೃಚ್ಛಿಕವಾಗಿ ಆರಿಸಿದ 18,675 ಜನರಿಗೆ ಫೋನ್ ಮಾಡಿ ಕೇಳಿತು, ಅನುಮಾನ ಇದ್ದವರನ್ನ ಕರೆಸಿ ಪರೀಕ್ಷೆ ಮಾಡಿಸಿತು. ಫಲಿತಾಂಶ 1999ರಲ್ಲಿ ಬಂತು. ಕಾಯಿಲೆ ಹೆಚ್ಚಿದ್ದದ್ದು ಹೆಂಗಸರಲ್ಲಿ, ಕರಿಯರು ಮತ್ತು ಲ್ಯಾಟಿನೋಗಳಂಥ ಅಲ್ಪಸಂಖ್ಯಾತ ಸಮುದಾಯಗಳಲ್ಲಿ, ಓದು ಕಡಿಮೆ ಇದ್ದವರಲ್ಲಿ, ಕೆಳಹಂತದ ಕೆಲಸ ಮಾಡುವವರಲ್ಲಿ. ಅವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನಕ್ಕೆ ತಮಗಿರೋ ಕಾಯಿಲೆ ಏನು ಅಂತ ಯಾವ ಡಾಕ್ಟರೂ ಹೇಳಿರಲಿಲ್ಲ. ಡಾಕ್ಟರ ಬಾಗಿಲವರೆಗೆ ಹೋಗೋ ತಾಕತ್ತಿದ್ದವರು ಎಣಿಕೆಗೆ ಸಿಕ್ಕರು, ಉಳಿದವರು ಸೋಮಾರಿಗಳಾದರು.

ಇನ್ನು ಈ ಕಾಯಿಲೆಯ ಗುರುತಿಗೆ ಬರ್ತೀನಿ. ಇದು ಬರೀ ಸುಸ್ತಲ್ಲ. ಮೈಗೋ ತಲೆಗೋ ಸ್ವಲ್ಪ ಶ್ರಮ ಕೊಟ್ಟರೆ, ಒಂದೆರಡು ದಿನ ತಡವಾಗಿ ಇಡೀ ಮೈ ಕುಸಿದು ಬೀಳುತ್ತೆ. ನಿದ್ದೆ ಮಾಡಿದರೂ ದಣಿವು ಹೋಗಲ್ಲ. ಸಂಶೋಧಕರು ರೋಗಿಗಳನ್ನ ಎರಡು ದಿನ ಸತತವಾಗಿ ವ್ಯಾಯಾಮದ ಸೈಕಲ್ ತುಳಿಸಿ ಅಳೆದು ನೋಡಿದ್ದಾರೆ. ಆರೋಗ್ಯವಂತರು ಎರಡನೇ ದಿನವೂ ಸರಿಸುಮಾರು ಅಷ್ಟೇ ತುಳೀತಾರೆ. ಈ ರೋಗಿಗಳಲ್ಲಿ ಎಷ್ಟೋ ಜನರ ಶಕ್ತಿ ಎರಡನೇ ದಿನ ಇಳಿದುಹೋಗುತ್ತೆ.

ಇಂಥವರಿಗೆ ಕೊಟ್ಟ ಮದ್ದು ಏನು ಗೊತ್ತಾ? ದಿನಾ ಸ್ವಲ್ಪ ಸ್ವಲ್ಪ ವ್ಯಾಯಾಮ ಹೆಚ್ಚಿಸಿ, ನಿಮ್ಮ ಭಯ ಬಿಡಿ, ಸರಿಹೋಗ್ತೀರಿ! ಇದಕ್ಕೆ ಆಧಾರ ಆಗಿದ್ದು ಬ್ರಿಟನ್ನಿನ 'ಪೇಸ್' ಪ್ರಯೋಗ. 641 ರೋಗಿಗಳು, ಸುಮಾರು 50 ಲಕ್ಷ ಪೌಂಡ್ ಖರ್ಚು. ದುಡ್ಡು ಕೊಟ್ಟವರಲ್ಲಿ ಅಂಗವಿಕಲರ ಭತ್ಯೆ ನೋಡಿಕೊಳ್ಳೋ ಇಲಾಖೆಯೂ ಒಂದು. 2011ರಲ್ಲಿ ಮೊದಲ ಫಲಿತಾಂಶ ಬಂತು. 2013ರ ಲೇಖನದಲ್ಲಿ, ವ್ಯಾಯಾಮದಿಂದ ಮತ್ತು ಮನೋಚಿಕಿತ್ಸೆಯಿಂದ ನೂರಕ್ಕೆ 22 ಜನ ಗುಣವಾದರು ಅಂದರು.

ರೋಗಿಗಳು ಸುಮ್ಮನೆ ಕೂರಲಿಲ್ಲ. ಎದ್ದು ಕೂರೋಕೂ ಆಗದವರು ಮಲಗಿಕೊಂಡೇ ಆ ಪ್ರಬಂಧಗಳನ್ನ ಸಾಲು ಸಾಲಾಗಿ ಓದಿದರು, ತಮ್ಮತಮ್ಮಲ್ಲೇ ಚರ್ಚೆ ಮಾಡಿದರು. ಒಂದು ಕಡೆ ಎಡವಟ್ಟು ಸಿಕ್ತು. ನೂರು ಅಂಕದ ದೈಹಿಕ ಸಾಮರ್ಥ್ಯದ ಅಳತೆಯಲ್ಲಿ 65 ಅಥವಾ ಕಡಿಮೆ ಇದ್ದರೆ ಮಾತ್ರ ಪ್ರಯೋಗಕ್ಕೆ ಸೇರಿಸಿದ್ದರು. ಗುಣವಾಗಿದ್ದಾರೆ ಅನ್ನೋಕೆ 85 ಬೇಕು ಅಂತ ಮೊದಲು ಬರೆದಿದ್ದರು, ಆಮೇಲೆ ಅದನ್ನ 60ಕ್ಕೆ ಇಳಿಸಿದ್ದರು. ಅಂದ್ರೆ 65 ಅಂಕ ಇದ್ದೋನು ಒಳಗೆ ಬಂದು ಇನ್ನೂ ಹಾಳಾಗಿ 60ಕ್ಕೆ ಇಳಿದರೂ, ಆ ಒಂದು ಅಳತೆಯ ಮಟ್ಟಿಗೆ ಪಾಸು! ಬದಲಾವಣೆಗೆ ಕಾರಣ ಇತ್ತು ಅಂತ ಸಂಶೋಧಕರು ಸಮರ್ಥಿಸಿಕೊಂಡರು.

ಆಸ್ಟ್ರೇಲಿಯಾದ ರೋಗಿ ಆಲೆಮ್ ಮ್ಯಾಥೀಸ್ 2014ರಲ್ಲಿ ಬ್ರಿಟನ್ನಿನ ಮಾಹಿತಿ ಹಕ್ಕು ಕಾಯ್ದೆ ಅಡಿ ಮೂಲ ಅಂಕಿಅಂಶ ಕೇಳಿ ಅರ್ಜಿ ಹಾಕಿದ. ಅಲ್ಲಿ ಆ ಕಾಯ್ದೆ ಪೂರ್ತಿ ಜಾರಿಗೆ ಬಂದಿದ್ದು 2005ರಲ್ಲಿ, ನಮ್ಮ ಆರ್‌ಟಿಐ ಬಂದ ವರ್ಷವೇ. ಕ್ವೀನ್ ಮೇರಿ ವಿಶ್ವವಿದ್ಯಾಲಯ ಕೊಡಲ್ಲ ಅಂತು. ನಮ್ಮ ಭಾಷೇಲಿ ಹೇಳೋದಾದ್ರೆ ಹಿಂಬರಹ ಕೊಟ್ಟು ಕಳಿಸ್ತು. ಮಾಹಿತಿ ಆಯುಕ್ತರು ಕೊಡಿ ಅಂದರೆ ಅದರ ಮೇಲೂ ಮೇಲ್ಮನವಿ, ವಕೀಲರಿಗೆ ಎರಡು ಲಕ್ಷ ಪೌಂಡಿಗೂ ಹೆಚ್ಚು ಖರ್ಚು. 2016ರ ಆಗಸ್ಟ್‌ನಲ್ಲಿ ನ್ಯಾಯಮಂಡಳಿ ರೋಗಿಯ ಪರ ತೀರ್ಪು ಕೊಡ್ತು. ಮೊದಲಿನ ನಿಯಮದ ಪ್ರಕಾರ ಲೆಕ್ಕ ಹಾಕಿದಾಗ ವ್ಯಾಯಾಮದಿಂದ ಗುಣವಾದವರು 22ರಿಂದ 4ಕ್ಕೆ ಇಳಿದರು, ಮನೋಚಿಕಿತ್ಸೆಯವರು 7ಕ್ಕೆ. ಇವೆರಡೂ ಕೊಡದೆ ಸಾಮಾನ್ಯ ಚಿಕಿತ್ಸೆ ಮಾತ್ರ ಪಡೆದವರಲ್ಲೂ 3 ಜನ ಗುಣವಾಗಿದ್ದರು. ಈ ಹೋರಾಟದಲ್ಲಿ ಆಲೆಮ್ ಆರೋಗ್ಯ ತೀರಾ ಕುಸಿದುಹೋಯ್ತು.

2021ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ 'ನೈಸ್' ಸಂಸ್ಥೆ ತನ್ನ ಮಾರ್ಗಸೂಚಿ ಬದಲಿಸಿ, ಹಂತಹಂತವಾಗಿ ವ್ಯಾಯಾಮ ಹೆಚ್ಚಿಸೋ ಚಿಕಿತ್ಸೆ ಕೊಡಬೇಡಿ ಅಂತು. ಮೈಯಲ್ಲಿರೋ ಶಕ್ತಿಯ ಅಳತೆಯೊಳಗೇ ದಿನ ಸಾಗಿಸಿ, ಕುಸಿಯೋಕೆ ಮುಂಚೆ ನಿಲ್ಲಿಸಿ ಅನ್ನೋದು ಈಗಿನ ಸಲಹೆ. ಕಾಯಿಲೆ ಕಂಡುಹಿಡಿಯೋ ರಕ್ತಪರೀಕ್ಷೆ ಇನ್ನೂ ಇಲ್ಲ, ಗುಣ ಮಾಡೋ ಮಾತ್ರೆಯೂ ಇಲ್ಲ.

2016ರಲ್ಲಿ ಈ ರೋಗಿಗಳು ಹಲವು ನಗರಗಳಲ್ಲಿ ಬೀದಿಗೆ ಬಂದರು. ಮೈಗೆ ಆಗದವರು ತಮ್ಮ ಬದಲು ಖಾಲಿ ಶೂ ಕಳಿಸಿದರು. ರಸ್ತೇಲಿ ಸಾಲಾಗಿ ಇಟ್ಟ ಆ ಶೂಗಳ ಫೋಟೋ ನೋಡ್ತಾ ಕೂತಿದ್ದೆ. ಮೇಲಿನ ಬೀದೀಲಿ ಚಪ್ಪಲಿ ಕೈಲಿ ಹಿಡ್ಕೊಂಡು ನಡೆದ ನಮ್ಮ ತಾತಂದಿರು ನೆನಪಾದರು.

2020ರಲ್ಲಿ 'ಲಾಂಗ್ ಕೋವಿಡ್' ಅನ್ನೋ ಹೆಸರು ಕೊಟ್ಟಿದ್ದೂ ರೋಗಿಗಳೇ. 2025ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯದವರು ರೋಗಿಗಳ ಜೊತೆ ಸೇರಿ ನಡೆಸಿದ 'ಡಿಕೋಡ್ ಎಂಇ' ಅಧ್ಯಯನದ ಮೊದಲ ಫಲಿತಾಂಶ ಬಂತು. 15,579 ರೋಗಿಗಳ ಡಿಎನ್‌ಎ ನೋಡಿದಾಗ, ರೋಗನಿರೋಧಕ ಶಕ್ತಿಗೂ ನರಗಳಿಗೂ ನಂಟಿರೋ ಸುಳಿವು ಎಂಟು ಜಾಗದಲ್ಲಿ ಸಿಕ್ಕಿದೆ. ಖುಷಿಯ ಸುದ್ದೀನೇ. ಆದರೆ ಆ ಲೆಕ್ಕದಲ್ಲಿ ಇರೋರೆಲ್ಲ ಯುರೋಪಿಯನ್ ಮೂಲದವರು. ಅಲ್ಲೂ ನಮ್ಮಂಥವರ ಮೈ ಎಣಿಕೆಗೆ ಬಂದಿಲ್ಲ.

ನಂಗೆ ಗಳಿಕೆ ರಜೆ ಇತ್ತು, ಮಲಗಿದೆ, ಹತ್ತು ತಿಂಗಳಲ್ಲಿ ಒಂದು ಮಟ್ಟಕ್ಕೆ ಸುಧಾರಿಸಿಕೊಂಡೆ. ಅವ್ವನಿಗೆ ರಜೆ ಇರಲಿಲ್ಲ. ಕುಸಿಯೋಕೆ ಮುಂಚೆ ನಿಲ್ಲಿಸಿ ಅನ್ನೋ ಸಲಹೆಯನ್ನ ದಿನಗೂಲಿ ಮಾಡೋ ಹೆಣ್ಣುಮಗಳು, ಪೌರಕಾರ್ಮಿಕರು ಪಾಲಿಸೋದು ಹೇಗೆ? ಬಾಬಾಸಾಹೇಬರು ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡ್ಕೊಂಡವರು. ವೇತನದ ಜೊತೆ ವಿಶ್ರಾಂತಿಯೂ ನಮ್ಮ ಹಕ್ಕೊತ್ತಾಯದ ಪಟ್ಟೀಲಿ ಇರಬೇಕು ಅಂತ ನಾನು ಕೇಳೋದು ಇದಕ್ಕೇ.

ನಿಮ್ಮ ಮನೇಲಿ, ಕೇರೀಲಿ ಚಿಕೂನ್‌ಗುನ್ಯಾನೋ ಕೋವಿಡ್ಡೋ ಆದಮೇಲೆ ಮೊದಲಿನಂಗೆ ಆಗದೇ ಇರೋರು ಇದ್ದರೆ, ಅವರ ಮಾತು ಕೇಳಿ, ಬರೆದಿಡಿ. ಯಾವಾಗ ಜ್ವರ ಬಂತು, ಎಷ್ಟು ಕೆಲಸಕ್ಕೆ ಎಷ್ಟು ದಿನ ಮಲಗಿದ್ರು, ಎಷ್ಟು ಕೂಲಿ ಹೋಯ್ತು. ಸೋಮಾರಿ ಅಂತ ಮಾತ್ರ ಅನ್ನಬೇಡಿ. ಅವ್ವ ಹೋಗಿ ನಾಲ್ಕು ವರ್ಷ ಆಯ್ತು. ಒಂದೊಂದು ದಿನ ಅವಳು ಏಳದಿದ್ದಾಗ ನಾನೂ ಹಾಗೆ ಅಂದಿದ್ದೆ.

ಜೈಭೀಮ್.