ಹೋಗುವವರಿಗೂ ಬರುವವರಿಗೂ ಒಂದೇ ದಾರಿ

‘ಆಕಾಶ ಇಷ್ಟು ದೊಡ್ಡದಿದೆಯಲ್ಲ ಸರ್, ಎರಡು ವಿಮಾನ ಡಿಕ್ಕಿ ಹೊಡೆಯೋದು ಹೇಗೆ?’ ಅಂತ ಒಂಬತ್ತನೇ ತರಗತಿಯ ಹುಡುಗನೊಬ್ಬ ಕೇಳಿದ. ಆಕಾಶ ದೊಡ್ಡದೇ, ವಿಮಾನ ಓಡಾಡುವ ದಾರಿ ಮಾತ್ರ ಚಿಕ್ಕದು. ಉತ್ತರಕ್ಕಾಗಿ 1996ರ ನವೆಂಬರ್ 12ರ ಸಂಜೆಗೆ ಹೋಗಬೇಕು.

ಅಂದು 6.32ಕ್ಕೆ ಸೌದಿ ಏರ್‌ಲೈನ್ಸ್‌ನ ಬೋಯಿಂಗ್ 747 ದೆಹಲಿಯಿಂದ ಧಹ್ರಾನ್‌ಗೆ ಹೊರಟಿತು. ಒಳಗೆ 312 ಜನ. ಹೆಚ್ಚಿನವರು ಭಾರತೀಯರು, ಅವರಲ್ಲಿ ಸೌದಿಗೆ ದುಡಿಯಲು ಹೊರಟವರೇ ಬಹಳ. ನಮ್ಮ ಮೊಹಲ್ಲಾಗಳಲ್ಲಿ ಇಂಥ ಪ್ರಯಾಣಿಕರಿಲ್ಲದ ಮನೆ ಎಷ್ಟಿವೆ ಹೇಳಿ? ಅದೇ ಹೊತ್ತಿಗೆ ಕಜಾಕಿಸ್ತಾನದ ಶಿಮ್ಕೆಂಟ್‌ನಿಂದ ಇಲ್ಯೂಷಿನ್-76 ವಿಮಾನವೊಂದು 37 ಜನರನ್ನು ಹೊತ್ತು ದೆಹಲಿಗೆ ಇಳಿಯುತ್ತಿತ್ತು.

ದೆಹಲಿಯ ಸುತ್ತಲಿನ ಆಕಾಶದ ದೊಡ್ಡ ಭಾಗ ವಾಯುಪಡೆಯ ವಶದಲ್ಲಿತ್ತು. ನಾಗರಿಕ ವಿಮಾನಗಳಿಗೆ ಹೋಗಲೂ ಬರಲೂ ಒಂದೇ ದಾರಿ. ಎದುರುಬದುರಾದರೆ ಎತ್ತರದಲ್ಲಿ ಮಾತ್ರ ಬೇರೆ ಮಾಡಬೇಕು. ಕಂಟ್ರೋಲರ್ ಸೌದಿ ವಿಮಾನಕ್ಕೆ 14,000 ಅಡಿ, ಕಜಾಕ್ ವಿಮಾನಕ್ಕೆ 15,000 ಅಡಿ ಕೊಟ್ಟಿದ್ದರು. ನಡುವೆ ಸಾವಿರ ಅಡಿ, ಅಂದರೆ ಸುಮಾರು 300 ಮೀಟರ್. ಎದುರಿಗೆ ವಿಮಾನವಿದೆ ಎಂದು ಕಜಾಕ್ ಸಿಬ್ಬಂದಿಗೆ ದೂರದ ಸಮೇತ ಎಚ್ಚರಿಸಿಯೂ ಇದ್ದರು. ಆದರೆ ಅಲ್ಲಿದ್ದ ರೇಡಾರ್ ವಿಮಾನದ ಎತ್ತರವನ್ನು ತೋರಿಸುತ್ತಿರಲಿಲ್ಲ. ಪೈಲಟ್ ಬಾಯಲ್ಲಿ ಹೇಳಿದ್ದನ್ನೇ ನಂಬಬೇಕಿತ್ತು.

ಕಜಾಕ್ ವಿಮಾನದಲ್ಲಿ ಕಂಟ್ರೋಲ್ ಜೊತೆ ಮಾತಾಡುತ್ತಿದ್ದವರು ರೇಡಿಯೋ ಆಪರೇಟರ್. ಎತ್ತರ ನೋಡಲು ಅವರ ಮುಂದೆ ಬೇರೆ ಮೀಟರೇ ಇರಲಿಲ್ಲ, ಪೈಲಟ್‌ಗಳ ಹೆಗಲ ಮೇಲಿಂದ ಇಣುಕಬೇಕಿತ್ತು. ವಿಮಾನ 15,000 ಅಡಿಯಲ್ಲಿ ನಿಲ್ಲದೆ ಇಳಿಯುತ್ತಲೇ ಹೋಯಿತು. ಇದು ಗೊತ್ತಾಗಿ ಅವರು ಮೇಲೇರಲು ಕೂಗುವಷ್ಟರಲ್ಲಿ ಸಮಯ ಮೀರಿತ್ತು. ಸ್ವಲ್ಪ ಮೇಲೆದ್ದ ವಿಮಾನದ ಬಾಲ ಬೋಯಿಂಗ್‌ನ ಎಡರೆಕ್ಕೆಯನ್ನು ಸೀಳಿತು. ಹರಿಯಾಣದ ಚರ್ಖಿ ದಾದ್ರಿಯ ಹೊಲಗಳ ಮೇಲೆ 349 ಜನರ ಪ್ರಾಣ ಹೋಯಿತು. ನಡು ಆಕಾಶದ ಡಿಕ್ಕಿಗಳಲ್ಲಿ ಇಂದಿಗೂ ಇದೇ ಅತಿ ದೊಡ್ಡದು.

ನ್ಯಾಯಮೂರ್ತಿ ಆರ್.ಸಿ. ಲಾಹೋಟಿ ಆಯೋಗ ವಿಚಾರಣೆ ನಡೆಸಿತು. ಕಜಾಕ್ ವಿಮಾನ ಅನುಮತಿ ಇಲ್ಲದೆ ಕೆಳಗಿಳಿದದ್ದೇ ಕಾರಣ, ಸಿಬ್ಬಂದಿಗೆ ಇಂಗ್ಲಿಷ್ ಸಾಲದೆ ಹೋದದ್ದು ಅದರ ಹಿಂದೆ ಇತ್ತು ಎಂದಿತು. ಭಾಷೆ ಕಲಿಸುವವನಾದ ನನಗೆ ಈ ಮಾತು ಇನ್ನೂ ಚುಚ್ಚುತ್ತದೆ. ಆದರೆ ತಪ್ಪೆಲ್ಲ ಆ ಸಿಬ್ಬಂದಿಯ ತಲೆಗೇ ಕಟ್ಟೋದು ನನಗೆ ಒಪ್ಪಿಗೆಯಿಲ್ಲ. ಒಬ್ಬನ ಕಿವಿ ತಪ್ಪಿದರೆ ತಡೆಯಲು ಇನ್ನೊಂದು ವ್ಯವಸ್ಥೆ ಇರಬೇಕಿತ್ತು.

ಆ ವ್ಯವಸ್ಥೆ ಜಗತ್ತಿನಲ್ಲಿ ಇತ್ತು ಕೂಡ. ಹೆಸರು ಟಿಕ್ಯಾಸ್. ವಿಮಾನಗಳ ಟ್ರಾನ್ಸ್‌ಪಾಂಡರ್‌ಗಳು ತಮ್ಮತಮ್ಮಲ್ಲೇ ಮಾತಾಡಿ, ಅಪಾಯ ಕಂಡರೆ ಒಬ್ಬ ಪೈಲಟ್‌ಗೆ ‘ಏರು’, ಇನ್ನೊಬ್ಬನಿಗೆ ‘ಇಳಿ’ ಅನ್ನುತ್ತವೆ. 1986ರಲ್ಲಿ ಸೆರಿಟೋಸ್ ಊರಿನ ಮೇಲೆ ಡಿಕ್ಕಿಯಾದ ಬಳಿಕ ಅಮೆರಿಕ ಇದನ್ನು ಕಡ್ಡಾಯ ಮಾಡಿ, 1993ರ ಕೊನೆಗೆ ದೊಡ್ಡ ಪ್ರಯಾಣಿಕ ವಿಮಾನಗಳಿಗೆಲ್ಲ ಹಾಕಿಸಿತ್ತು. ದಾದ್ರಿಯ ಮೇಲೆ ಡಿಕ್ಕಿಯಾದ ಎರಡರಲ್ಲಿ ಒಂದರಲ್ಲೂ ಇರಲಿಲ್ಲ.

ಆಮೇಲೆ ದೆಹಲಿಯಲ್ಲಿ ಹೋಗುವ ದಾರಿ, ಬರುವ ದಾರಿ ಬೇರೆಯಾದವು. ಎತ್ತರ ತೋರಿಸುವ ರೇಡಾರ್ ಬಂತು. ಭಾರತದ ಆಕಾಶದಲ್ಲಿ ಹಾರುವ ಪ್ರಯಾಣಿಕ ವಿಮಾನಗಳಿಗೆ ಆ ಯಂತ್ರವೂ ಕಡ್ಡಾಯವಾಯಿತು. ಇದನ್ನೆಲ್ಲ ಕೇಳಿದ ಹುಡುಗ, ‘ಮೊದಲೇ ಯಾಕೆ ಹಾಕ್ಲಿಲ್ಲ ಸರ್?’ ಅಂದ. ಅವನ ಅಬ್ಬಾ ದಮ್ಮಾಮ್‌ನಲ್ಲಿದ್ದಾರೆ, ಈದ್‌ಗೆ ಬರುವವರಿದ್ದಾರೆ.