ಮೊಟ್ಟೆಯೋ ಬಾಳೆಹಣ್ಣೋ: ಬಿ.ಜಿ. ಕೆರೆ ಸೀಮೆಯ ಶಾಲೆಯೂಟ

ಸರ್ಕಾರಿ ಶಾಲೆಯ ಮಗು ಮಧ್ಯಾಹ್ನ ತಟ್ಟೆ ಹಿಡಿದು ನಿಂತಾಗ ‘ಮೊಟ್ಟೆ ಬೇಕೋ, ಬಾಳೆಹಣ್ಣು ಬೇಕೋ’ ಎಂದು ಕೇಳುವ ಪದ್ಧತಿ ಚಿತ್ರದುರ್ಗ ಜಿಲ್ಲೆಗೆ ಬಂದದ್ದು 2022ರಲ್ಲಿ. ಅದಕ್ಕೆ ಮೊದಲು ಊಟದ ವಿಷಯದಲ್ಲಿ ಮಗುವಿನ ಮಾತು ಕೇಳುವ ರೂಢಿ ಶಾಲೆಯಲ್ಲಂತೂ ಇರಲಿಲ್ಲ, ಮನೆಗಳಲ್ಲೂ ಕಮ್ಮಿಯೇ.

ಬಳ್ಳಾರಿ–ಚಳ್ಳಕೆರೆ ರಸ್ತೆಯ ಮೇಲಿರುವ ಬಿ.ಜಿ. ಕೆರೆ, ಅಂದರೆ ಬೊಮ್ಮಗೊಂಡನಕೆರೆ, ಇದೇ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಊರು. ರಾಜ್ಯದಲ್ಲೇ ಮಳೆ ಕಮ್ಮಿ ಬೀಳುವ ಸೀಮೆ ಇದು. ರಾಗಿ, ಸಜ್ಜೆ, ನವಣೆ ಬೆಳೆದು ಉಂಡ ಜನ. ಆಮೇಲೆ ಹೊಲ ತುಂಬಿದ್ದು ಶೇಂಗಾ. ಮುದ್ದೆ ಕಟ್ಟಿದ ದಿನ ಎಲ್ಲರಿಗೂ ಮುದ್ದೆ, ಅಂಬಲಿ ಕಾಯಿಸಿದ ದಿನ ಎಲ್ಲರಿಗೂ ಅಂಬಲಿ. ಏನು ತಿನ್ನಬಾರದು ಎಂಬುದನ್ನು ಕುಲಾಚಾರ ತೀರ್ಮಾನಿಸುತ್ತಿತ್ತು. ಇಲ್ಲಿನ ಮ್ಯಾಸಬೇಡ ಸಮುದಾಯದ ಸಂಪ್ರದಾಯಸ್ಥರಿಗೆ ಕೋಳಿ ನಿಷಿದ್ಧ. ಹೆಂಡ ಇಳಿಸುವ ಈಚಲ ಮರವನ್ನೂ ಅವರು ಮುಟ್ಟುವಂತಿಲ್ಲ. ಕಾಡುಗೊಲ್ಲರ ಹಟ್ಟಿಗಳಲ್ಲೂ ಕೋಳಿ ಸಾಕುವುದಿಲ್ಲ. ಇಬ್ಬರಿಗೂ ಕುರಿ ಮಾಂಸಕ್ಕೆ ಅಡ್ಡಿಯಿಲ್ಲ. ಹಾಗಾಗಿ ರಾಜಧಾನಿಯಲ್ಲಿ ಕುಳಿತು ಸಸ್ಯಾಹಾರ, ಮಾಂಸಾಹಾರ ಎಂದು ಎರಡೇ ಗೆರೆ ಎಳೆಯುವವರ ಲೆಕ್ಕ ಈ ಸೀಮೆಗೆ ಸರಿಹೊಂದುವುದಿಲ್ಲ.

ಮಗು ತನ್ನಿಷ್ಟದಂತೆ ತಿನ್ನುತ್ತಿದ್ದ ಜಾಗವೊಂದಿತ್ತು, ಅದು ಅಡವಿ. ಕುರಿ ಹಿಂದೆ ಹೋದ ಹುಡುಗ ಕಾರೆ, ಬಾರೆ, ಕವಳೆ, ಸೀತಾಫಲಗಳಲ್ಲಿ ಯಾವುದು ಕಳಿತಿದೆ, ಯಾವುದಕ್ಕೆ ಇನ್ನೆರಡು ದಿನ ಬೇಕು ಎಂದು ತಾನೇ ನೋಡಿ ಕಿತ್ತುಕೊಳ್ಳುತ್ತಿದ್ದ. ಮುಳ್ಳು ತರಚಿದರೂ, ಹೊಟ್ಟೆ ಕೆಟ್ಟರೂ ಅದು ಅವನದೇ ಪಾಡು. ಈ ಸ್ವಾತಂತ್ರ್ಯವನ್ನು ಹೊಗಳುವಾಗ ಒಂದು ಮಾತು ಮರೆಯಬಾರದು: ಕುರಿ ಕಾಯುವ ಹುಡುಗ ಶಾಲೆಯಲ್ಲಿ ಇರುತ್ತಿರಲಿಲ್ಲ.

ಶಾಲೆಯಲ್ಲಿದ್ದವರಿಗೆ ಬಂದದ್ದು ಬೇರೆಯವರು ಆರಿಸಿ ಕಳಿಸಿದ ಊಟ. 1960, 70ರ ದಶಕಗಳಲ್ಲಿ ಕನ್ನಡ ಶಾಲೆಗಳಲ್ಲಿ ಓದಿದವರು ಕೇರ್ ಸಂಸ್ಥೆಯ ಅಮೆರಿಕದ ಗೋಧಿನುಚ್ಚಿನ ಉಪ್ಪಿಟ್ಟನ್ನೂ ಪುಡಿ ಹಾಲನ್ನೂ ಮರೆತಿಲ್ಲ. 1995ರ ಕೇಂದ್ರ ಯೋಜನೆಯಲ್ಲಿ, ಶೇ 80 ಹಾಜರಾತಿ ಇದ್ದ ಮಗುವಿಗೆ ತಿಂಗಳಿಗೆ 3 ಕೆ.ಜಿ. ಧಾನ್ಯ ಸಿಕ್ಕಿತು, ಅದು ಮನೆಯ ಡಬ್ಬ ಸೇರಿ ಎಲ್ಲರ ಪಾಲಾಯಿತು. ಬಿಸಿಯೂಟ ಕೊಡಬೇಕೆಂದು ಸುಪ್ರೀಂ ಕೋರ್ಟ್ 2001ರ ನವೆಂಬರ್‌ನಲ್ಲಿ ಆದೇಶಿಸಿದ ಮೇಲೆ 2002ರ ಜೂನ್‌ನಲ್ಲಿ ‘ಅಕ್ಷರ ದಾಸೋಹ’ ಶುರುವಾಯಿತು. ಮೊದಲ 7 ಜಿಲ್ಲೆಗಳಲ್ಲಿ ಪಕ್ಕದ ಬಳ್ಳಾರಿ ಇತ್ತು, ಚಿತ್ರದುರ್ಗ ಇರಲಿಲ್ಲ. ಅದರ ಸರದಿ ಬಂದದ್ದು 2003ರಲ್ಲಿ. ‘ಕ್ಷೀರಭಾಗ್ಯ’ದ 150 ಮಿ.ಲೀ. ಹಾಲು 2013ರ ಆಗಸ್ಟ್‌ನಲ್ಲಿ ಸೇರಿಕೊಂಡಿತು.

ಮೊಟ್ಟೆಯ ದಾರಿ ಇಷ್ಟು ಸಲೀಸಾಗಿರಲಿಲ್ಲ. ಗಡಿಯಾಚೆ ಆಂಧ್ರದ ರಾಯದುರ್ಗದ ಶಾಲೆಗಳಲ್ಲಿ ಆಗಲೇ ಮೊಟ್ಟೆ ಇತ್ತು. ಕರ್ನಾಟಕದಲ್ಲಿ ಪ್ರಸ್ತಾವ ಬಂದಾಗಲೆಲ್ಲ ವಿರೋಧ ಏಳುತ್ತಿತ್ತು. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೂ ವಿಜಯಪುರಕ್ಕೂ ಅಪೌಷ್ಟಿಕತೆಯ ಕಾರಣ ಕೊಟ್ಟು ಮೊಟ್ಟೆ ಮಂಜೂರಾಯಿತು. ಕೆಲವು ಮಠಾಧೀಶರು ಆಕ್ಷೇಪಿಸಿದರು; ಕೊಪ್ಪಳ ಜಿಲ್ಲೆಯ ಶಾಲಾ ಬಾಲಕಿಯೊಬ್ಬಳು ಮೊಟ್ಟೆ ಬೇಕೇ ಬೇಕೆಂದು ಕ್ಯಾಮೆರಾದೆದುರು ಗದರಿದ ವಿಡಿಯೊ ನಾಡೆಲ್ಲ ಹರಿದಾಡಿತು. ತಿನ್ನುವವರ ಮಾತು ಈ ಚರ್ಚೆಯಲ್ಲಿ ಕೇಳಿಬಂದದ್ದು ಅಪರೂಪಕ್ಕೆ. ಮೊಟ್ಟೆ ಒಲ್ಲದವರಿಗೆ ಬಾಳೆಹಣ್ಣು ಎಂಬ ಸೂತ್ರದ ಹಿಂದೆ ಇದ್ದದ್ದು ಇಂಥ ವಿರೋಧದ ಗದ್ದಲವೇ. ತನಗೆ ಸಂಬಂಧಿಸಿದ ವಿಷಯದಲ್ಲಿ ಮಗು ಅಭಿಪ್ರಾಯ ಹೇಳಬಹುದು ಎನ್ನುವ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಭಾರತ 1992ರಲ್ಲೇ ಒಪ್ಪಿತ್ತು. ಆದರೂ ತಟ್ಟೆಗೆ ಆಯ್ಕೆ ತಂದದ್ದು ಆ ಒಡಂಬಡಿಕೆಯಲ್ಲ, ದೊಡ್ಡವರ ಜಗಳ.

2022–23ರಲ್ಲಿ ಯೋಜನೆ ಇಡೀ ರಾಜ್ಯಕ್ಕೆ ಹರಡಿತು: 8ನೇ ತರಗತಿವರೆಗೆ, ವರ್ಷಕ್ಕೆ 46 ದಿನ, ಮೊಟ್ಟೆ, ಬಾಳೆಹಣ್ಣು ಅಥವಾ ಶೇಂಗಾ ಚಿಕ್ಕಿ. 2023ರಲ್ಲಿ 10ನೇ ತರಗತಿವರೆಗೆ ವಾರಕ್ಕೆರಡು ದಿನವಾಯಿತು. ಅಜೀಂ ಪ್ರೇಮ್‌ಜಿ ಫೌಂಡೇಶನ್‌ನ ನೆರವಿನಿಂದ 2024ರ ಸೆಪ್ಟೆಂಬರ್‌ನಲ್ಲಿ ಆರು ದಿನಕ್ಕೇರಿತು. ಆಗ ಒಂದು ಮೊಟ್ಟೆಗೆ ಇಟ್ಟಿದ್ದ 6 ರೂಪಾಯಿಯಲ್ಲಿ 30 ಪೈಸೆ ಸಿಪ್ಪೆ ಸುಲಿಯುವವರ ಕೂಲಿಯಾಗಿತ್ತು. ಎಷ್ಟು ಮೊಟ್ಟೆ, ಎಷ್ಟು ಹಣ್ಣು ಎಂಬುದು ಬೇಯಿಸುವ ಮೊದಲೇ ಗೊತ್ತಾಗಬೇಕಾದ್ದರಿಂದ ಮಗುವಿನ ಇಷ್ಟವೂ ಲೆಕ್ಕದ ಪುಸ್ತಕ ಸೇರುವ ಸಂಗತಿ. ಕೋಳಿ ಒಲ್ಲದ ಮನೆಯ ಹುಡುಗಿಗೆ ಬಾಳೆಹಣ್ಣಿನ ದಾರಿ ಇದ್ದೇ ಇದೆ. ಆದರೆ ಅವಳ ಕೈ ಯಾವ ಕಡೆ ಚಾಚಿತು ಎಂದು ನೋಡಲು ಊಟದ ಸಾಲಿನಲ್ಲಿ ಅಜ್ಜಿ ಕುಳಿತಿರುವುದಿಲ್ಲ.

2025ರಲ್ಲಿ ಶಿಕ್ಷಣ ಇಲಾಖೆ ಚಿಕ್ಕಿಯನ್ನು ಪಟ್ಟಿಯಿಂದ ತೆಗೆಯಿತು. ಸಕ್ಕರೆ, ಕೊಬ್ಬು ಹೆಚ್ಚೆಂಬುದು ಕಾರಣ. ಶೇಂಗಾ ಅರೆಯುವ ಎಣ್ಣೆ ಗಿರಣಿಗಳಿಂದಲೇ ಹೆಸರಾದ ಚಳ್ಳಕೆರೆಯ ಮಕ್ಕಳಿಗೂ ಈಗ ಆಯ್ಕೆ ಎರಡೇ.