ಪೆಟ್ರೋಲಿನ ಆಕ್ಟೇನ್: ಸೀಸದಿಂದ ಕಬ್ಬಿನವರೆಗೆ

ಸಿಲಿಂಡರಿನ ಒತ್ತಡದಲ್ಲಿ ಪೆಟ್ರೋಲು ತಾನೇ ಸಿಡಿಯದೆ, ಕಿಡಿ ಹೊತ್ತಿಸಿದ ಜ್ವಾಲೆ ಬರುವವರೆಗೆ ಎಷ್ಟು ತಾಳಿಕೊಳ್ಳುತ್ತದೆ ಎಂಬುದರ ಅಳತೆಯೇ ಆಕ್ಟೇನ್ ಸಂಖ್ಯೆ. ಈ ಮಾಪನದಲ್ಲಿ ಐಸೋಆಕ್ಟೇನಿಗೆ 100, ನಾರ್ಮಲ್ ಹೆಪ್ಟೇನಿಗೆ 0. ಸಂಖ್ಯೆ ಸಾಲದಾದರೆ ಎಂಜಿನ್ ಟಕಟಕ ಬಡಿಯುತ್ತದೆ. ಬಡಿತ ಮುಂದುವರಿದರೆ ಪಿಸ್ಟನ್ನಿಗೂ ಗ್ಯಾಸ್ಕೆಟ್ಟಿಗೂ ಹಾನಿ. ಸೀಮೆಎಣ್ಣೆ ಕಲಬೆರಕೆಯಾದರೆ ಆಗುವುದೂ ಇದೇ.

1921ರಲ್ಲಿ ಅಮೆರಿಕದ ಥಾಮಸ್ ಮಿಜ್ಲಿ ಸೀಸದ ಸಂಯುಕ್ತ ಬೆರೆಸಿ ಈ ಬಡಿತ ನಿಲ್ಲಿಸಿದ. ಆದರೆ ಆಲ್ಕೋಹಾಲ್ ಕೂಡ ಆ ಕೆಲಸ ಮಾಡಬಲ್ಲದು. ಹೈದರಾಬಾದ್ ಸಂಸ್ಥಾನದಲ್ಲಿ 1937ರಲ್ಲಿ ಬೋಧನಿನ ನಿಜಾಮ್ ಸಕ್ಕರೆ ಕಾರ್ಖಾನೆ ಸ್ಥಾಪನೆಯಾಯಿತು. ಅಲ್ಲಿಯೂ ಮೈಸೂರು ಸಂಸ್ಥಾನದ ಮಂಡ್ಯದಲ್ಲಿಯೂ ಕಾಕಂಬಿಯಿಂದ ‘ಪವರ್ ಆಲ್ಕೋಹಾಲ್’ ತಯಾರಾಗುತ್ತಿತ್ತು. 1948ರಲ್ಲಿ ಇದಕ್ಕಾಗಿಯೇ ಭಾರತೀಯ ಪವರ್ ಆಲ್ಕೋಹಾಲ್ ಕಾಯಿದೆ ಬಂತು. ಆದರೂ ಮುಂದಿನ ದಶಕಗಳಲ್ಲಿ ಬೆಳೆದದ್ದು ಸೀಸದ ಬಳಕೆಯೇ.

ಸೀಸ ಮಕ್ಕಳ ಮಿದುಳಿಗೆ ವಿಷ. ಹೊಗೆ ಶುದ್ಧಿಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನೂ ಅದು ಕೆಡಿಸುತ್ತದೆ. ಆದ್ದರಿಂದ 1995ರ ಏಪ್ರಿಲ್‌ನಲ್ಲಿ ನಾಲ್ಕು ಮಹಾನಗರಗಳಲ್ಲಿ ಕನ್ವರ್ಟರ್ ಇದ್ದ ಹೊಸ ಕಾರುಗಳಿಗೆ ಸೀಸರಹಿತ ಪೆಟ್ರೋಲು ಬಂತು. 2000ದ ಫೆಬ್ರವರಿ 1ರಿಂದ ದೇಶವೆಲ್ಲ ಅದನ್ನೇ ಬಳಸಿತು. ಸಂಸ್ಕರಣಾಗಾರಗಳು ಹೈಡ್ರೋಕಾರ್ಬನ್ನುಗಳ ರಚನೆಯನ್ನೇ ಬದಲಿಸಿ ಆಕ್ಟೇನ್ ಹೆಚ್ಚಿಸಿದವು. ಸಾಮಾನ್ಯ ಪೆಟ್ರೋಲಿನ ಕನಿಷ್ಠ ಸಂಖ್ಯೆ 87ರಿಂದ 91ಕ್ಕೆ ಏರಿತು. ಕನ್ವರ್ಟರಿನ ಕಾರ್ಯಕ್ಷಮತೆಯನ್ನು ಕುಂದಿಸುವ ಗಂಧಕದ ಮಿತಿಯೂ ಇಳಿಯಿತು: ಬಿಎಸ್-4 ಮಾಲಿನ್ಯ ಮಾನದಂಡದಲ್ಲಿ 50 ಪಿಪಿಎಂ ಇದ್ದದ್ದು 2020ರ ಏಪ್ರಿಲ್‌ನಲ್ಲಿ ಬಿಎಸ್-6 ಬಂದಾಗ 10 ಆಯಿತು.

ಸೀಸ ಹೋದ ಮೇಲೆ ಕಬ್ಬಿನ ಆಲ್ಕೋಹಾಲ್, ಅಂದರೆ ಎಥನಾಲ್, ಮತ್ತೆ ಬಂಕಿಗೆ ಬಂತು. 2022ರ ವೇಳೆಗೆ ಮಿಶ್ರಣ ಶೇ. 10ಕ್ಕೆ ಮುಟ್ಟಿತು, 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಶೇ. 20 ಎಥನಾಲ್ ಬೆರೆತ ಇ20 ಪೆಟ್ರೋಲು ಬಿಡುಗಡೆಯಾಯಿತು. ಇದರ ಆಕ್ಟೇನ್ 95ರ ಆಸುಪಾಸು. ಹೆಚ್ಚಿನ ಒತ್ತಡಕ್ಕೆ ರೂಪಿಸಿದ ಎಂಜಿನ್ನಿಗೆ ಇದು ಲಾಭ. ಇತರ ಎಂಜಿನ್ನುಗಳಿಗೆ ಹೆಚ್ಚುವರಿ ಆಕ್ಟೇನಿನಿಂದ ಶಕ್ತಿ ಹೆಚ್ಚದು. ಲೀಟರಿಗೆ ಎಥನಾಲ್ ಕೊಡುವ ಶಾಖ ಪೆಟ್ರೋಲಿಗಿಂತ ಮೂರನೇ ಒಂದರಷ್ಟು ಕಡಿಮೆಯಾದ್ದರಿಂದ ಮೈಲೇಜ್ ತುಸು ಇಳಿಯುತ್ತದೆ. ಎಥನಾಲ್ ನೀರನ್ನು ಹೀರುತ್ತದೆ, ಹಳೆಯ ವಾಹನಗಳ ರಬ್ಬರ್ ಭಾಗಗಳನ್ನು ಸವೆಸಬಹುದು. ಬಸವಕಲ್ಯಾಣ–ಹುಮನಾಬಾದ್ ಸೀಮೆಯ ರೈತನಿಗೆ ಕಬ್ಬು ಈಗ ಸಕ್ಕರೆಯ ಬೆಳೆಯಷ್ಟೇ ಅಲ್ಲ, ಇಂಧನದ ಬೆಳೆಯೂ ಹೌದು.